ಸೀಸ

ಕೋಡಿಬಾಗದ ಪ್ರಯೋಗಾಲಯದಲ್ಲಿ ನನ್ನ ಕೆಲಸ
ಮರಳು ಜರಡಿ ಹಿಡಿಯುವುದು.
ಉಬ್ಬರದ ಗೆರೆಯಿಂದ ಮೂರು ಡಬ್ಬಿ, ಇಳಿತದ ಗೆರೆಯಿಂದ ಮೂರು,
ಮೇಲೆ ಪೆನ್ಸಿಲ್ಲಿನಲ್ಲಿ ತಾರೀಖು, ತಿಥಿ.
ತಿಥಿ ಯಾರೂ ಕೇಳಿರಲಿಲ್ಲ.
ಅಮಾಸೆಗೆ ನೀರು ಎಲ್ಲಿವರೆಗೆ ಏರುತ್ತದೆಂದು
ನಮ್ಮ ಮನೆ ಬೆಕ್ಕಿಗೂ ಗೊತ್ತು.

ಗಟ್ಟಿ ಉಪ್ಪುನೀರಲ್ಲಿ ಕಲಕಿದರೆ
ಮರಳು ಇಳಿಯುತ್ತದೆ, ಪ್ಲಾಸ್ಟಿಕ್ಕು ತೇಲುತ್ತದೆ.
ಇಷ್ಟೇ ವಿದ್ಯೆ.

ಇವತ್ತು ಮಸೂರದಡಿ ಸಿಕ್ಕಿದ್ದು
ಥರ್ಮಾಕೋಲಿನ ಎರಡು ಕಾಳು,
ದೋಣಿಯ ಹೊಟ್ಟೆಗೆ ಬಳಿದ ಕೆಂಪಿನ ಒಂದು ಹಕ್ಕಳೆ,
ಮತ್ತೆ ರೆಪ್ಪೆಗೂದಲಿಗಿಂತ ಸಣ್ಣದೊಂದು
ನೀಲಿ ಎಳೆ.

ಆ ನೀಲಿ ನನಗೆ ಗೊತ್ತು.
ಬೈತಖೋಲದಿಂದ ಕಿಲೋ ಲೆಕ್ಕದಲ್ಲಿ ತಂದ ಹಗ್ಗ.
ತುದಿ ಬಿಚ್ಚದಿರಲೆಂದು ಮೇಣಬತ್ತಿಗೆ ಹಿಡಿದು
ಬೆರಳು ಸುಟ್ಟುಕೊಂಡವಳು ನಾನೇ, ಏಳನೇ ಕ್ಲಾಸಿನಲ್ಲಿ.
ಕೊಯ್ದ ಚೂರು ಗುಡಿಸಿ ದಂಡೆಗೆ ಚೆಲ್ಲಿದವಳೂ.

ಅಪ್ಪ ಬೀಸುಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುತ್ತಿದ್ದ.
ಇಕ್ಕಳ ಇತ್ತು. ಅವನಿಗೆ ಹಲ್ಲೇ ಸಲೀಸು.
ಒಂದೊಂದನ್ನೂ ಕಚ್ಚಿ ಬಿಗಿದು,
ಬಾಯಿತುಂಬ ಗುಂಡಿಟ್ಟುಕೊಂಡೇ
ನನ್ನಿಂದ ಹದಿಮೂರರ ಮಗ್ಗಿ ಹೇಳಿಸುತ್ತಿದ್ದ.
ತಪ್ಪಿದರೆ, ಹ್ಞೂಂ.
ಅವನ ವಸಡಿನ ಮೇಲೊಂದು ನೀಲಿ ಗೆರೆ ಇತ್ತು.
ಕವಳದ್ದು ಅಂದುಕೊಂಡಿದ್ದೆವು.
ಕಡೆಕಡೆಗೆ ಗಂಟು ಹಾಕಲು ಬೆರಳು ಮಾತು ಕೇಳಲಿಲ್ಲ.
ಪುರುಸುಗೆ ಕುಡಿತ ಹೆಚ್ಚಾಯ್ತು ಅಂದರು.
ಕುಡಿಯುತ್ತಲೂ ಇದ್ದ.
ಯಾರೂ ರಕ್ತ ತೆಗೆದು ನೋಡಲಿಲ್ಲ.

ಮೇಡಂ ಚಿಪ್ಪಿಯ ಮಾಂಸವನ್ನು ಆಮ್ಲದಲ್ಲಿ ಕರಗಿಸಿ
ಯಂತ್ರಕ್ಕೆ ಕುಡಿಸುತ್ತಾರೆ.
ಅದು ಅಂಕಿ ಹೇಳುತ್ತದೆ, ಬಿಂದುವಿನಾಚೆ ಮೂರು ಮನೆ.
ಎಲ್ಲಿಂದ ಬಂತು ಮೇಡಂ, ಅಂದರೆ
ಕೈ ಬೀಸಿ ತೋರಿಸುತ್ತಾರೆ:
ಬಂದರು, ಹಡಗು, ಕಾಳಿಯ ಮೇಲ್ದಂಡೆಯ ಊರು...
ಕೈ ಒಂದು ಸುತ್ತು ಬರುವಾಗ
ನನ್ನನ್ನೂ ಹಾಯುತ್ತದೆ. ಬೇಕೆಂದಲ್ಲ.

ಸಂಜೆ ಸುಂಕೇರಿ ಸೇತುವೆ ಕೆಳಗೆ
ಸೊಂಟಮಟ್ಟ ನೀರಲ್ಲಿ ನಿಂತು ಅವ್ವಿ
ಕಾಲ್ಬೆರಳಲ್ಲಿ ತಿಸ್ರೆ ತಡಕುತ್ತಾಳೆ.
ಮಾರುವಾಗ ನೂರು ಎಣಿಸಿ, ಕೊಸರಿಗೆ ಐದು.
"ಎಣಿಸೂಕೆ ನಿಂಗೆ ಸಂಬ್ಳ ಕೊಡ್ತ್ರಾ?" ಎಂದು ನಗುತ್ತಾಳೆ,
"ಹಂಗಾರೆ ನಂಗೆಷ್ಟು ಕೊಡೂಕಿತ್ತು!"

ರಾತ್ರಿ ಸಾರು ಕುದಿಯುತ್ತ
ಚಿಪ್ಪುಗಳು ಒಂದೊಂದಾಗಿ ಬಾಯಿ ಬಿಡುತ್ತವೆ.
ಬಿಡದ್ದನ್ನು ಆರಿಸಿ ತೆಗೆಯುತ್ತಾಳೆ.
ಬಾಯಿ ಬಿಡದ್ದು ಕೆಟ್ಟದ್ದು, ತಿನ್ನಬಾರದು.

ಸೌಟು ಹಿಡಿದು ಕೇಳುತ್ತಾಳೆ, ಇನ್ನೊಂಚೂರು?
ಅಂಕಿಗಳು ನಾಲಗೆಯಡಿ ಉರುಳುತ್ತವೆ, ತಣ್ಣಗೆ, ಭಾರ.

ಹ್ಞೂಂ, ಅಂದೆ.