ಸೋಪು ಸೋಕಿದ ಟೋಪಿ

ಬಾ, ಒಳಗೆ ಬಾ. ಹೊಸಿಲ ಮೇಲೆ ನಿಂತು ನೀರಿಳಿಸಬೇಡ.
ಆ ಚೀಲದಲ್ಲೇನಿದೆ ಎಂದು ನನಗೆ ಗೊತ್ತು.
ಕೋಕೆಟ್ ಹೊಳೆಯ ಈ ಕಣಿವೆಯಲ್ಲಿ ಸುದ್ದಿ
ಟಗರಿಗಿಂತ ಬೇಗ ಬೇಲಿ ಹಾರುತ್ತದೆ.
ಟೋಪಿ ಹಾಕಿದವರನ್ನು ಬೇಕಾದಷ್ಟು ಕಂಡಿದ್ದೇನೆ, ಜೋಂಟಿ,
ಟೋಪಿ ತೊಳೆದು ಸಿಕ್ಕಿಬಿದ್ದವನು ನೀನೇ ಮೊದಲು.

ತೋರಿಸು.
ಅಯ್ಯೋ.
ಅಂಚು ಜೋತುಬಿದ್ದು ಬಾಡಿದ ಎಲೆಕೋಸಾಗಿದೆ.
ಮುಟ್ಟಿದರೆ ಬರಿಯ ಬಟ್ಟೆ,
ಮೂಸಿದರೆ ಲ್ಯಾವೆಂಡರ್!
ಮುದುಕ ಟೆಲ್ಫರ್ ಹನ್ನೊಂದು ಚಳಿಗಾಲ
ಹಿಮಗಾಳಿಗೆ ಒಡ್ಡಿದ ಟೋಪಿಗೆ
ಈಗ ಯಾರದೋ ಮದುವೆಯ ಹೂಗೊಂಚಲ ವಾಸನೆ.

ಒಳ್ಳೆಯದು ಮಾಡಲು ಹೋದೆ, ಗೊತ್ತು.
ಅವನು ಮೊಣಕಾಲು ಕೊಯ್ಯಿಸಿಕೊಂಡು ಆಸ್ಪತ್ರೆಯಲ್ಲಿದ್ದಾಗ
ಮನೆಯೆಲ್ಲ ಗುಡಿಸಿದೆ, ಒರೆಸಿದೆ, ಕಡೆಗೆ
ಮೊಳೆಯಲ್ಲಿ ತೂಗುತ್ತಿದ್ದ ಇದನ್ನೂ ಮೆಷಿನ್ನಿಗೆ ತುರುಕಿದೆ.
ನಲವತ್ತು ಡಿಗ್ರಿ, ಎರಡು ಮುಚ್ಚಳ ಸೋಪು.
ಗಿಪ್ ಬಂದು ಮೂಸಿತಂತೆ.
ಮೂಸಿ, ಹಿಂದೆ ಸರಿದು,
ತನ್ನ ಯಜಮಾನನ ಟೋಪಿಗೇ ಬೊಗಳಿತಂತೆ.

ಕೂತುಕೋ. ತೋಳು ಮಡಚು.
ಕೆಟ್ಟ ಮೇಲಾದರೂ ಬುದ್ಧಿ ಬರಲಿ.

ತಣ್ಣೀರು. ಬಿಸಿನೀರಿನ ನಲ್ಲಿಯ ಕಡೆ ಕೈ ಹೋದರೆ ಹೊಡೆಯುತ್ತೇನೆ.
ಸ್ಪಂಜು ಹಿಂಡಿ ಒರೆಸು, ತಿಕ್ಕಬೇಡ.
ಒಳಪಟ್ಟಿಯ ಬೆವರಿನ ಕಲೆಯನ್ನು ಮುಟ್ಟಲೇಬೇಡ,
ನಿನ್ನಿಂದ ತಪ್ಪಿಸಿಕೊಂಡದ್ದು ಅದೊಂದೇ.
ಕೆಸರಿನ ಕೋಟು ಬಂದರೆ ಒಣಗುವ ತನಕ ಕಾಯಿ,
ಆಮೇಲೆ ಬ್ರಷ್ಷು; ಹಸಿ ಕೆಸರಿನೊಡನೆ ಜಗಳಾಡಿ
ಗೆದ್ದವರಿಲ್ಲ.
ನೋಡು, ಇನ್ನೂ ನೊರೆ. ಮತ್ತೊಂದು ಸಲ.
ಮತ್ತೂ ಒಂದು.
ಸಾಕು. ಮಡಕೆಯ ಮೇಲೆ ಕವುಚಿಡು, ನಾಳೆ ಬಾ.

ಬಂದೆಯಾ.
ಬಾಣಲೆಯ ಬಿಸಿನೀರಲ್ಲಿ ಮೇಣದ ಡಬ್ಬಿ ಕೂರಿಸು.
ಹಂದಿಕೊಬ್ಬಿನ ಹಾಗೆ ಬೆಳ್ಳಗಿದ್ದದ್ದು
ಅಂಚಿನಿಂದ ಕರಗಿ ನಡುವೆ ಒಂದು ದ್ವೀಪ ಉಳಿಯುತ್ತದೆ,
ಆ ದ್ವೀಪವೂ ಮುಳುಗಿದಾಗ ಹದ.
ಹಳೆ ಬನಿಯನ್ನಿನ ತುಂಡು ಅದ್ದು,
ಹೊಲಿಗೆಯಿಂದ ಶುರು ಮಾಡು. ಮಳೆ ಬಾಗಿಲು ತಟ್ಟಿ ಬರುವುದಿಲ್ಲ,
ಸೂಜಿ ಹೋದ ದಾರಿಯಲ್ಲೇ ಬರುತ್ತದೆ.
ದಪ್ಪ ಬಳಿಯಬೇಡ. ಬೆರಳಿನ ಬಿಸಿ ಕೊಡು.

ಹತ್ತು ವರ್ಷದವಳಿದ್ದಾಗ ನಾನು
ಅಪ್ಪನ ಮೇಣದ ಕೋಟಿಗೆ ಇಸ್ತ್ರಿ ಹಾಕಿದ್ದೆ, ಗೊತ್ತೇ?
ಚರ್ಚಿಗೆ ಚೆಂದ ಕಾಣಲೆಂದು.
ಹೊಗೆಯೆದ್ದಿತು. ಅಮ್ಮನ ಮೇಜುಬಟ್ಟೆ ಹಾಳು,
ಕೋಟಿನ ಬೆನ್ನಿಗೆ ದೋಣಿಯಂಥ ಒಂದು ಗುರುತು.
ಅಪ್ಪ ಏನೂ ಅನ್ನಲಿಲ್ಲ. ಅದನ್ನೇ ತೊಟ್ಟು
ಇಪ್ಪತ್ತಾರು ವರ್ಷ ಆ ದೋಣಿ ಹೊತ್ತು ಕುರಿ ಕಾಯ್ದ.
ಮಳೆ ಮೊದಲು ಸೋರುತ್ತಿದ್ದದ್ದು ಅಲ್ಲೇ.
ಅದೂ ಅವನು ಹೇಳಿ ತಿಳಿದದ್ದಲ್ಲ;
ಅವನು ಹೋದ ಮೇಲೆ ಅಂಗಿಗಳನ್ನು ಒಗೆಯುವಾಗ
ಎಲ್ಲದರ ಬೆನ್ನಲ್ಲೂ ಅದೇ ದೋಣಿ,
ಮಾಸಲು.

ಹೇರ್ ಡ್ರೈಯರ್ ಕೊಡು ಇಲ್ಲಿ. ದೂರದಿಂದ, ಹೀಗೆ.
ಮೇಣ ಒಳಗೆ ಇಳಿಯುವಾಗ ಬಟ್ಟೆ ಒಮ್ಮೆ ಕಪ್ಪಾಗಿ ಮಿನುಗಿ
ಆಮೇಲೆ ಮಂಕಾಗುತ್ತದೆ. ಆ ಮಂಕೇ ಬೇಕಾದ್ದು.
ಅಂಚು ಎದ್ದು ನಿಂತಿತು, ನೋಡು. ನೀನು ನಕ್ಕದ್ದೂ ಇವತ್ತೇ.

ಆದರೆ ಒಂದು ಮಾತು. ಟೆಲ್ಫರನ ವಾಸನೆ
ನನ್ನ ಡಬ್ಬಿಯಲ್ಲಿಲ್ಲ.
ರಾತ್ರಿಯಿಡೀ ಬೆಚ್ಚಗಿನ ಕೋಣೆಯಲ್ಲಿ ತೂಗುಹಾಕು,
ನಾಳೆ ಗಿಪ್ ಮಲಗುವ ಕಂಬಳಿಯ ಮೇಲೆ ಇಟ್ಟು ಹೊರಟುಹೋಗು.
ಸುತ್ತು ಬಂದು, ಕೆರೆದು, ಅದರ ಮೇಲೆ ಗದ್ದವಿಟ್ಟರೆ
ಮುದುಕನಿಗೆ ಒಯ್ದು ಕೊಡು.
ಇಲ್ಲವಾದರೆ ನೀನೇ ಹೇಳಬೇಕು ಅವನಿಗೆ,
ನಾನಲ್ಲ.

ಹಣವೇ? ಒಳಗಿಡು.
ಬಾಗಿಲ ಹಿಂದೆ ಹದಿನೇಳು ಕೋಟುಗಳಿವೆ,
ಮೊದಲು ಜೇಬು ನೋಡು:
ದಾರ, ಚಾಕು, ಕುರಿಮರಿಯ ಕಿವಿಬಿಲ್ಲೆ, ಮಡಚಿದ ಚೀಟಿ,
ಎಲ್ಲವನ್ನೂ ಅವರವರ ಹೆಸರಿನ ಲಕೋಟೆಗೆ ಹಾಕು.
ನಾಯಿಬಿಸ್ಕತ್ತಿನ ಪುಡಿಯನ್ನೂ.