ಮೊದಲ ಐದು ಎಳೆತ

ಗಟ್ಟಿಯಾಗಿ ಹಿಡಿಯಬೇಡ, ಕಯೆತಾನ್.
ಇದು ಹಗ್ಗವಲ್ಲ.
ಮೊನ್ನೆಯವರೆಗೂ ಒಬ್ಬನ ಹೊಕ್ಕುಳ ಕೆಳಗೆ
ತುಂಬಿ, ಬರಿದಾಗಿ, ಮತ್ತೆ ತುಂಬಿ
ಯಾರ ಹೊಗಳಿಕೆಗೂ ಕಾಯದೆ ದುಡಿದದ್ದು.

ಚಿಮುಟದಲ್ಲಿ ಅಂಚು ಹಿಡಿ. ಉಪ್ಪುನೀರಿನಿಂದ ಎತ್ತು.
ನೀರು ಮೈಬಿಸಿಗೆ ಕಾದಿದೆ, ಮೂವತ್ತೇಳು.
ಸತ್ತವರಿಗೂ ಚಳಿಯಾಗಬಾರದೆಂದಲ್ಲ,
ತಣ್ಣಗಾದರೆ ಮಾಂಸ ಸುಳ್ಳು ಹೇಳುತ್ತದೆ.

ಚೀಟಿ ಓದು: ನಮೂನೆ ನಲವತ್ತೊಂದು. ಗಂಡಸು. ಅರವತ್ತೆಂಟು.
ಮೂತ್ರಕೋಶದ ಗೋಡೆ, ಉದ್ದಕ್ಕೆ ಕತ್ತರಿಸಿದ ಪಟ್ಟಿ.
ಹೆಸರು ನಮಗೆ ಬೇಡ, ಕೊಡುವುದೂ ಇಲ್ಲ.
ಹಿಡಿಕೆಯ ಬಾಯಿಗೆ ಮರಳುಕಾಗದ ಅಂಟಿಸು,
ಇಲ್ಲವಾದರೆ ಜಾರುತ್ತದೆ; ಜಾರಿದ್ದನ್ನು
ಹರಿದದ್ದೆಂದು ಬರೆದುಕೊಂಡ ಜಾಣರನ್ನು ನೋಡಿದ್ದೇನೆ.

ಈಗ ಎಳೆ. ನಿಧಾನ. ಬಿಡು. ಎಳೆ. ಬಿಡು.
ಮೊದಲ ಐದು ಎಳೆತ ಲೆಕ್ಕಕ್ಕಿಲ್ಲ.
ಅದು ಪಳಗಬೇಕು, ಬೆಚ್ಚುವುದನ್ನು ಬಿಡಬೇಕು.
ಆರನೆಯದರಿಂದಾಚೆ ಅದರದು ಒಂದೇ ಮಾತು.

ಪರದೆ ನೋಡು: ಗೆರೆ ಎಷ್ಟು ದೂರ ಮಲಗಿಯೇ ಸಾಗಿದೆ.
ಗುಂಗುರು ಎಳೆಗಳು ನೆಟ್ಟಗಾಗುವವರೆಗೆ
ಎಳೆದಷ್ಟೂ ಬರುತ್ತದೆ, ಬೇಡವೆನ್ನುವುದಿಲ್ಲ.
ಆಮೇಲೆ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ:
ಇನ್ನು ಸಾಕು.

ಇದನ್ನು ನನಗೆ ಕಾಲೇಜು ಕಲಿಸಲಿಲ್ಲ.
ಇದೇ ವೂಚ್ ನಗರದ ಹತ್ತಿಗಿರಣಿಯ ಪರೀಕ್ಷಾಕೋಣೆಯಲ್ಲಿ
ಆರು ವರ್ಷ ನೂಲು ತುಂಡರಿಸಿ ಬರೆದಿಟ್ಟವಳು ನಾನು.
ಹಾಸಿನ ಬಲ ಬೇರೆ, ಹೊಕ್ಕಿನದು ಬೇರೆ.
ಗಿರಣಿ ಮುಚ್ಚಿತು. ಯಂತ್ರ ಹರಾಜಿನಲ್ಲಿ ಇಲ್ಲಿಗೆ ಬಂತು,
ಅದರ ಬೆನ್ನಿಗೆ ನಾನು.
ಮನುಷ್ಯನಲ್ಲೂ ಹಾಸುಹೊಕ್ಕೇ. ಮೂತ್ರನಾಳವನ್ನೇ ನೋಡು,
ಉದ್ದಕ್ಕೆ ಬಿಗಿ, ಅಡ್ಡಕ್ಕೆ ಒಂದಿಷ್ಟು ಉದಾರಿ.

ಅದಕ್ಕೂ ಮೊದಲು ಮಗ್ಗಗಳ ಸಾಲಿನಲ್ಲಿದ್ದೆ.
ಒಬ್ಬಳಿಗೆ ಹದಿನಾರು ಮಗ್ಗ.
ಜಲಬಾಧೆಗೆ ಪಾಳಿಗೆ ಎರಡು ಸಲ, ತಲಾ ನಾಲ್ಕು ನಿಮಿಷ;
ಬಾಗಿಲಲ್ಲಿ ಮೇಲ್ವಿಚಾರಕಿ ಪೆಲಾಗ್ಯಾ, ಕೊರಳಲ್ಲಿ ಗಡಿಯಾರ.
ತುಂಬಿದ ಕೊಡ ತುಳುಕುವುದಿಲ್ಲವಂತೆ.
ಹಾಗೆಂದವರು ಆ ಕೊಡವನ್ನು
ತೊಡೆಗಳ ನಡುವೆ ಬಿಗಿಹಿಡಿದು
ಹದಿನಾರು ಮಗ್ಗ ಸುತ್ತಿದವರಲ್ಲ.
ನೀರು ಕುಡಿಯುವುದನ್ನೇ ಬಿಟ್ಟೆವು,
ನಾಲಿಗೆಗೆ ಹತ್ತಿಯ ಧೂಳು ಮೆತ್ತಿಕೊಂಡಿತು.
ಲಾಳಿಗಳ ಗದ್ದಲದಲ್ಲಿ ತುಟಿ ನೋಡಿಯೇ ಮಾತು ತಿಳಿಯಬೇಕು;
ಹೊಸಬಳು ಮೊದಲು ಕಲಿಯುತ್ತಿದ್ದದ್ದು ಒಂದೇ ಪದ:
ಹೋಗಬೇಕು.

ಈ ಊರಿನ ಹೆಸರಿಗೆ ದೋಣಿ ಎಂದರ್ಥ, ಗೊತ್ತಲ್ಲ.
ಹೊಳೆಗಳು ಇಲ್ಲವೆಂದಲ್ಲ; ಅವನ್ನೆಲ್ಲ
ಬೀದಿಗಳಡಿಯ ಕೊಳವೆಗೆ ಇಳಿಸಿ ಮುಚ್ಚಿದ್ದಾರೆ.
ಟ್ರಾಮು ನಿಂತಾಗ ಕಿವಿಗೊಟ್ಟರೂ ಕೇಳಿಸುವುದಿಲ್ಲ.
ಹರಿಯುತ್ತಲಂತೂ ಇವೆ.

ಈ ನಲವತ್ತೊಂದನೆಯವನ ಗೋಡೆ ದಪ್ಪ.
ಗೆರೆ ಬೇಗ ಎದ್ದು ನಿಂತಿತು.
ಟ್ರಾಮು ಓಡಿಸಿದವನೋ, ರಾತ್ರಿ ಕಾವಲು ಕಾದವನೋ,
ದಾರಿಗಡ್ಡ ಊದಿದ ಗ್ರಂಥಿಯೊಂದಿಗೆ
ವರ್ಷಗಟ್ಟಲೆ ಗುದ್ದಾಡಿದವನೋ.
ಬರೆಯಬೇಡ ಅದನ್ನು. ಊಹೆಗೆ ಕಾಲಮ್ಮಿಲ್ಲ.

ಈಗ ಹಿಗ್ಗಿಸಿ ಹಿಡಿ. ಅಲ್ಲೇ. ಹತ್ತು ನಿಮಿಷ ಮುಟ್ಟಬೇಡ.
ಉದ್ದ ಕದಲುವುದಿಲ್ಲ, ಬಿಗಿ ಮಾತ್ರ
ತಾನಾಗಿ ಇಳಿಯುತ್ತ ಹೋಗುತ್ತದೆ.
ಒಗ್ಗಿಕೊಳ್ಳುವುದೆಂದರೆ ಇದು.
ಪೂರ್ತಿ ಇಳಿಯುವುದಿಲ್ಲ, ಅದನ್ನೂ ಗಮನಿಸು.
ಬಿಟ್ಟ ಮೇಲೂ ಹೋದ ದಾರಿಯಲ್ಲೇ ಮರಳುವುದಿಲ್ಲ;
ಹೋದ ಗೆರೆಗೂ ಬಂದ ಗೆರೆಗೂ ನಡುವೆ ತೆಳ್ಳನೆಯ ಜಾಗ,
ಕಳೆದುಹೋದ ಶಕ್ತಿ, ಎನ್ನುತ್ತದೆ ನಿನ್ನ ಪುಸ್ತಕ.
ಎಲ್ಲಿಗೆ ಹೋಯಿತೆಂದು ನಾನು ಹೇಳಬಲ್ಲೆ.

ನೀನು ಇಲ್ಲೇ ಕೂತಿರು.
ನಾನು ಒಂದಕ್ಕೆ ಹೋಗಿ ಬರುತ್ತೇನೆ.
ಹೂಂ, ಪ್ರಯೋಗದ ನಡುವೆಯೇ.
ಗಡಿಯಾರ ಇದಕ್ಕಿಡು,
ನನಗಲ್ಲ.