ಒಳಗ ಸೊನ್ನಿ, ಹೊರಗ ಒಂದು ಲಕ್ಷ

ಬ್ಯಾಡಗಿ ಯಾರ್ಡಿನ ಹಿಂದಿನ ಖೋಲಿ.
ಕಿಟಕಿ ಮುಚ್ಚಿದರೂ ಮೆಣಸಿನಕಾಯಿ ಘಾಟು;
ಸರ್ವರಿನ ಫ್ಯಾನೂ ಸೀನತದ, ಅಂತಾನ
ವಾಚ್‌ಮನ್ ಗುಡ್ಡಪ್ಪ.

ನಾಳೆ ಟೆಂಡರು. ಒಂದ ಮಷೀನಿನೊಳಗ
ಮೂರು ಕಂಟೇನರ್ ಕಟ್ಟೀನಿ:
ತೂಕಕ್ಕೊಂದು, ಧಾರಣಿಗೊಂದು, ಪಟ್ಟಿಗೊಂದು.
ಒಂದೊಂದಕ್ಕೂ ಒಂದು ಎಳಿ,
ಒಂದು ತುದಿ ಒಳಗ, ಇನ್ನೊಂದು
ಬ್ರಿಡ್ಜಿಗೆ ಗಂಟು. ಧಾರಣಿಯ ಗಂಟು ಮಾತ್ರ
ಮೂರು ಸಲ ಜಾರಿತು;
ಗೇಟ್‌ವೇ ಬರಿಯೋದ ಮರತಿದ್ದೆ.

ಒಳಗ ಹೋಗಿ 'ನಾ ಯಾರು?' ಅಂತ ಕೇಳಿದರ
ರೂಟ್, ಅಂತದ. ಸೊನ್ನಿ.
ಎಲ್ಲಾ ಕೀಲಿ ನನ್ನ ಕೈಯಾಗ.
ಹೊರಗ ಬಂದು ಅದೇ ಕಡತ ನೋಡಿದರ
ಮಾಲಕನ ಹೆಸರಿಲ್ಲ: ಒಂದು ಲಕ್ಷ.
ಆರಂಕಿ ಬಂದರೂ
ಒಂದು ಕದ ತೆರೆಯೋ ಹಕ್ಕಿಲ್ಲ.

ಗುಡ್ಡಪ್ಪಗ ಹೇಳಿದೆ. ನಕ್ಕ.
ಹಮಾಲಿ ಮಾಡತಿದ್ದಾಗಿನ ಹಿತ್ತಾಳಿ ಬಿಲ್ಲೆ ತಗದ,
ಎರಡು ನೂರಾ ಹದಿನೇಳು.
"ಮನ್ಯಾಗ ನಾನ ಧಣಿ, ಅಕ್ಕಾ.
ಗೇಟಿನಾಗ ಇದು.
ಚೀಲ ಹೊತ್ತಾವ ಒಬ್ಬನ."

ಎರಡು ಗಂಟೆಗೆ ಪಿಂಗ್ ಹೊಡದೆ.
ತೂಕ ಓಗೊಟ್ಟಿತು. ಪಟ್ಟಿ ಓಗೊಟ್ಟಿತು.
ಧಾರಣಿ ಸುಮ್ಮನಿತ್ತು, ಸುಮ್ಮನಿತ್ತು.
ನಾ ಸೀನಿದೆ.
ಆಮ್ಯಾಲೆ ಅದೂ.